ಎದೆಯ ಡಬ್ಬಿ, ಗ್ರೈಂಡರಿನ ದೊಣ್ಣೆ

ನನ್ನ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಲೋಹದ ಡಬ್ಬಿ ಇದೆ. ಡಾಕ್ಟರುಗಳು ಅದನ್ನು ಐಸಿಡಿ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಹೋಟೆಲಿನಲ್ಲೂ ಅದು ಬರೀ ಡಬ್ಬಿ. ಅದರಿಂದ ಹೊರಟ ಒಂದು ತಂತಿ ರಕ್ತನಾಳದೊಳಗೆ ಇಳಿದು ಹೃದಯ ಮುಟ್ಟಿದೆ. ಹೃದಯ ತಾಳ ತಪ್ಪಿ ಗಡಗಡ ನಡುಗತೊಡಗಿದರೆ ತಂತಿಯ ಮೂಲಕ ಡಬ್ಬಿಗೆ ಗೊತ್ತಾಗುತ್ತದೆ. ಡಬ್ಬಿ ಒಳಗಿನಿಂದಲೇ ವಿದ್ಯುತ್ತಿನ ಒಂದು ಹೊಡೆತ ಕೊಟ್ಟು ಅದನ್ನು ದಾರಿಗೆ ತರುತ್ತದೆ. ದೊಡ್ಡದೊಂದು ಹೃದಯಾಘಾತವಾದ ಮೇಲೆ ಇದನ್ನು ಕೂರಿಸಿದರು. ಕೂರಿಸಿದ ಡಾಕ್ಟರು ನನ್ನ ಹೆಂಡತಿಗೂ ಅವಳ ತಮ್ಮನಿಗೂ, ಇದು ಕೆಲಸ ಮಾಡುತ್ತಿರುವ ತನಕ ಇವರನ್ನು ಸಾಯಲು ಬಿಡುವುದಿಲ್ಲ ಎಂದು ಧೈರ್ಯ ಹೇಳಿ ಕಳಿಸಿದರು. ಭಾವಮೈದುನ ಆ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡ. ನನ್ನ ಜೊತೆ ಗಲ್ಲೆಯಲ್ಲಿ ಕೂರುವವನು ಅವನೇ, ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದ.

ನಮ್ಮ ಹೋಟೆಲು ಇರುವುದು ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ. ಅಡುಗೆಮನೆಗೆ ನಾನು ಎಂದೂ ಚಪ್ಪಲಿ ಹಾಕಿಕೊಂಡು ಕಾಲಿಟ್ಟವನಲ್ಲ. ಅಪ್ಪ ಉಡುಪಿಯಿಂದ ಬಂದು ಇಲ್ಲಿ ಒಲೆ ಹೂಡಿದ ಕಾಲದ ಕ್ರಮ ಅದು: ಅನ್ನ ಕೊಡುವ ಒಲೆಯ ಮುಂದೆ ಧಣಿ ಬರಿಗಾಲಲ್ಲಿ ನಿಲ್ಲಬೇಕು. ಕೆಲಸದವರಿಗೆ ಈ ಕಟ್ಟುಪಾಡಿಲ್ಲ. ಅವರು ದಿನವಿಡೀ ಒದ್ದೆ ನೆಲದಲ್ಲಿ ನಿಲ್ಲುವವರು, ಅವರಿಗೆ ರಬ್ಬರ್ ಚಪ್ಪಲಿ. ಇನ್ನೊಂದು ಕ್ರಮವೂ ಇತ್ತು. ಗ್ರೈಂಡರಿನ ಪಕ್ಕದ ಗೋಡೆಗೆ ಒಂದು ಮೊಳೆ, ಮೊಳೆಗೆ ತೂಗುಹಾಕಿದ ಒಣಮರದ ದೊಣ್ಣೆ. ಯಾರಿಗಾದರೂ ಕರೆಂಟು ಹಿಡಿದರೆ ಕೈಯಿಂದ ಮುಟ್ಟಬಾರದು, ದೊಣ್ಣೆಯಿಂದ ಹೊಡೆದು ಬಿಡಿಸಬೇಕು. ನಮ್ಮ ಅಡುಗೆಮನೆಗೆ ಹೊಸದಾಗಿ ಸೇರಿದವರಿಗೆ ಉಪ್ಪಿನ ಡಬ್ಬ ತೋರಿಸುವ ಮೊದಲು ಆ ದೊಣ್ಣೆ ತೋರಿಸುತ್ತಿದ್ದೆವು.

ಮಳೆಗಾಲದ ಒಂದು ಬೆಳಿಗ್ಗೆ, ತಿಂಡಿಯ ನೂಕುನುಗ್ಗಲು ಇಳಿದ ಮೇಲೆ, ನಾನು ಅಡುಗೆಯವನ ಜೊತೆ ಜಗಳಕ್ಕೆ ಒಳಗೆ ಹೋದೆ. ಕುಂದಾಪುರದ ಕಡೆಯವನು, ಹೆಚ್ಚುಕಡಿಮೆ ನನ್ನ ವಯಸ್ಸು, ಅಪ್ಪನ ಕಾಲದಿಂದ ಇದ್ದಾನೆ. ನಾವಿಬ್ಬರೂ ಜಗಳ ಮಾಡದ ದಿನ ಅಡುಗೆಮನೆಗೆ ಏನೋ ಆಗಿದೆ ಎಂದು ಬೇರೆಯವರು ಹೆದರುತ್ತಿದ್ದರು. ಆ ದಿನದ ಜಗಳ ಇಡ್ಲಿ ಹಿಟ್ಟಿನದು. ಹಿಂದಿನ ದಿನದ ಇಡ್ಲಿ ಗಟ್ಟಿಯಾಗಿತ್ತು.

"ಉದ್ದು ನುಣ್ಣಗೆ ಆಗ್ಲಿಲ್ಲ ಮಾರಾಯ, ನಿನ್ನೆದು ಇಡ್ಲಿಯಾ ಕಲ್ಲಾ?" ಎಂದೆ.

"ನಿಮ್ಮ ಹಲ್ಲು ನೋಡ್ಕೊಳ್ಳಿ ಅಣ್ಣ. ನನ್ನ ಹಿಟ್ಟಿಗೆ ಎಂತ ಆಗಿದೆ?" ಎಂದ.

ಹಿಟ್ಟನ್ನು ಬೆರಳ ನಡುವೆ ತಿಕ್ಕಿ ನೋಡದೆ ನನಗೆ ಸಮಾಧಾನವಿಲ್ಲ. ತಿರುಗುತ್ತಿದ್ದ ಗ್ರೈಂಡರಿನ ಚೌಕಟ್ಟಿನ ಅಂಚನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳು ಹಿಟ್ಟಿಗೆ ಅದ್ದಿದೆ. ಕೈಯಲ್ಲಿ ಸಣ್ಣಗೆ ಜುಮ್ ಎಂದಿತು. ಆ ಗ್ರೈಂಡರ್ ಮಳೆಗಾಲದಲ್ಲಿ ಹಾಗೆ ಜುಮ್ ಎನ್ನುತ್ತದೆಂದು ಚಪ್ಪಲಿ ಹಾಕಿದವರೆಲ್ಲ ನಗುತ್ತ ಹೇಳುತ್ತಿದ್ದರು. ನಾನು ಕೈ ತೆಗೆಯಲಿಲ್ಲ. ಉದ್ದು ನಿಜವಾಗಿ ನುಣ್ಣಗಾಗಿತ್ತು, ಅದನ್ನು ಅವನೆದುರು ಒಪ್ಪಿಕೊಳ್ಳುವುದು ಹೇಗೆಂದು ನಾನು ಯೋಚಿಸುತ್ತಿದ್ದೆ.

ಆಗ ಎದೆಯೊಳಗೆ ಬಿತ್ತು ಏಟು.

ಕುದುರೆ ಒದ್ದ ಹಾಗೆ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಕುದುರೆ ಒದ್ದಿಲ್ಲ, ಗೊತ್ತಿಲ್ಲ. ಕುದುರೆ ಒದೆಯುವುದು ಹೊರಗಿನಿಂದ. ಇದು ಎದೆಯ ಗೂಡಿನೊಳಗೆ ಕೂತವನೊಬ್ಬ ಬಾಗಿಲು ಒಡೆದುಕೊಂಡು ಹೊರಬಂದ ಹಾಗೆ. ಕಣ್ಣ ಮುಂದೆ ಬೆಳ್ಳಗಾಯಿತು, ಬಾಯಿಂದ ನನ್ನದಲ್ಲದ ಒಂದು ಕೂಗು ಹೊರಟಿತು. ಕಾಲು ಕುಸಿಯಿತು, ಆದರೆ ಎಡಗೈ ಗ್ರೈಂಡರಿನ ಅಂಚನ್ನು ಬಿಡಲಿಲ್ಲ. ಬೀಳುವವನು ಸಿಕ್ಕಿದ್ದನ್ನು ಹಿಡಿಯುತ್ತಾನಲ್ಲ, ಹಾಗೆ ಹಿಡಿದಿದ್ದೆ.

ಅಡುಗೆಯವನಿಗೆ ಕಂಡದ್ದು ಬೇರೆ. ಗ್ರೈಂಡರ್ ಧಣಿಯನ್ನು ಹಿಡಿದಿದೆ, ಬಿಡುತ್ತಿಲ್ಲ. ಅವನ ಕೈ ಮೊಳೆಯತ್ತ ಹೋಯಿತು. ನನ್ನ ಮೊಣಕೈಗೆ ಗುರಿಯಿಟ್ಟು ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಅದೇ ಹೊತ್ತಿಗೆ ನಾನು ಕುಸಿದು ಅವನ ಕಡೆ ತಿರುಗಿದೆ. ದೊಣ್ಣೆ ಬಂದು ಎಡಗಡೆಯ ಕೊರಳೆಲುಬಿನ ಮೇಲೆ, ಡಬ್ಬಿಯ ನೆತ್ತಿಯ ಮೇಲೆಯೇ ಕೂತಿತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಕೈ ಬಿಟ್ಟಿತು, ನಾನು ನೆಲಕ್ಕೆ ಬಿದ್ದೆ. ಅವನು ದೊಣ್ಣೆ ಎಸೆದು, "ಬಿಡ್ತು, ಬಿಡ್ತು, ದೇವರು ದೊಡ್ಡವ!" ಎಂದು ಅಳತೊಡಗಿದ.

ಏನು ನಡೆಯಿತೆಂದು ಈಗ ಹೇಳಬಲ್ಲೆ, ಆಗ ಯಾರಿಗೂ ತಿಳಿದಿರಲಿಲ್ಲ. ಗ್ರೈಂಡರಿಗೆ ಅರ್ಥಿಂಗ್ ಸರಿಯಿರಲಿಲ್ಲ. ಸೋರುತ್ತಿದ್ದ ಕರೆಂಟು ನನ್ನ ಒದ್ದೆ ಕೈಯಿಂದ ಬರಿಗಾಲಿಗೆ ಹರಿದಿತ್ತು. ಅದು ಕೊಲ್ಲುವಷ್ಟು ಇರಲಿಲ್ಲ. ಆದರೆ ಡಬ್ಬಿಗೆ ಆ ಝೇಂಕಾರ ಹೃದಯವೇ ನಡುಗುತ್ತಿರುವಂತೆ ಕೇಳಿಸಿ, ಅದು ಚೆನ್ನಾಗಿಯೇ ನಡೆಯುತ್ತಿದ್ದ ನನ್ನ ಹೃದಯಕ್ಕೆ ಹೊಡೆಯಿತು. ಅಲ್ಲಿಗೇ ನಿಂತಿದ್ದರೆ ಒಂದು ಏಟಿಗೆ ಮುಗಿಯುತ್ತಿತ್ತು. ದೊಣ್ಣೆ ಎಲುಬಿನ ಜೊತೆಗೆ ಕೆಳಗಿದ್ದ ತಂತಿಯನ್ನೂ ಮುರಿಯಿತು. ಇನ್ನು ನಾನು ತೋಳು ಅಲ್ಲಾಡಿಸಿದಾಗಲೆಲ್ಲ ಮುರಿದ ತಂತಿಯ ತುದಿಗಳು ಒಂದಕ್ಕೊಂದು ಉಜ್ಜುತ್ತವೆ, ಡಬ್ಬಿ ಆ ಉಜ್ಜಾಟವನ್ನು ಸಾವು ಎಂದು ತಿಳಿಯುತ್ತದೆ, ನನ್ನನ್ನು ಬದುಕಿಸಲು ಹೊಡೆಯುತ್ತದೆ. ಹೊಡೆತಕ್ಕೆ ತೋಳು ಮತ್ತೆ ಅಲ್ಲಾಡುತ್ತದೆ.

ರಿಕ್ಷಾದಲ್ಲಿ ಹಾಕಿದರು. ಆಂಬುಲೆನ್ಸಿಗೆ ಕಾಯುವ ತಾಳ್ಮೆ ಯಾರಿಗಿತ್ತು? ಭಾವಮೈದುನ ಚಾಲಕನ ಪಕ್ಕದಲ್ಲಿ ತೂರಿಕೊಂಡ, ನನ್ನನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. ಮೈಯಲ್ಲಿ ಇನ್ನೂ ಕರೆಂಟಿದೆ ಎಂದೇ ಎಲ್ಲರೂ ನಂಬಿದ್ದರು. ಹಿಂದೆ ನನ್ನ ಜೊತೆ ಕೂತವನು ಅಡುಗೆಯವ. ಅವನೂ ಅದನ್ನೇ ನಂಬಿದ್ದ, ಆದರೂ ಎರಡೂ ಕೈಯಿಂದ ನನ್ನನ್ನು ತಬ್ಬಿ ಹಿಡಿದ. ರಸ್ತೆಯ ಹೊಂಡಕ್ಕೆ ರಿಕ್ಷಾ ಕುಕ್ಕಿತು, ತೋಳು ಜಗ್ಗಿತು, ಏಟು ಬಿತ್ತು. ನನ್ನ ತಲೆ ಅವನ ಗಲ್ಲಕ್ಕೆ ಬಡಿದು ಅವನ ತುಟಿ ಒಡೆಯಿತು. ಅವನು ಬಿಡಲಿಲ್ಲ. ಇನ್ನೊಂದು ಹೊಂಡ, ಇನ್ನೊಂದು ಏಟು. "ಅಣ್ಣ, ನನ್ನ ಕೈ ಉಂಟು, ಹಿಡ್ಕೊಳ್ಳಿ, ನನ್ನ ಕೈ ಉಂಟು" ಎಂದು ಒಂದೇ ಸಮನೆ ಹೇಳುತ್ತಿದ್ದ. ಅಂಧೇರಿ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನಾನು ಹಾಕಿದ ಬೊಬ್ಬೆಗೆ ಪಕ್ಕದ ಬಸ್ಸಿನವರು ಕಿಟಕಿಯಿಂದ ಇಣುಕಿದರು. ನನಗೆ ನಾಚಿಕೆಯೂ ಆಯಿತು, ಅದು ನೆನಪಿದೆ.

ಏಟಿಗಿಂತ ಕೆಟ್ಟದ್ದು ಏಟಿನ ನಡುವಿನ ಹೊತ್ತು. ಡಬ್ಬಿಗೆ ಹೊಡೆಯುವ ಮೊದಲು ಶಕ್ತಿ ತುಂಬಿಕೊಳ್ಳಲು ಸ್ವಲ್ಪ ಸಮಯ ಬೇಕು. ತೋಳು ಜಗ್ಗಿದ್ದು ಗೊತ್ತಾಗುತ್ತದೆ, ಇನ್ನೇನು ಬರುತ್ತದೆ ಎಂದು ಗೊತ್ತಾಗುತ್ತದೆ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಹೊಡೆಯುವವನು ನನ್ನೊಳಗೇ ಇದ್ದಾನೆ. ಬೇರೆ ಯಾರಾದರೂ ಹೊಡೆದರೆ ಕಾಲು ಹಿಡಿಯಬಹುದು, ತಿರುಗಿ ಹೊಡೆಯಬಹುದು. ಇಲ್ಲಿ ನಾನು ನನ್ನ ಎದೆಗೇ ಗುದ್ದಿಕೊಂಡೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಾಸಿಗೆಗೆ ಎತ್ತಿ ಹಾಕುವಾಗ ಮತ್ತೊಮ್ಮೆ ಬಿತ್ತು. ಹಿಡಿದಿದ್ದ ವಾರ್ಡ್‌ಬಾಯ್ ಬೆಂಕಿ ಮುಟ್ಟಿದವನಂತೆ ಕೈಬಿಟ್ಟ, ನಾನು ಹಾಸಿಗೆಯ ಕಬ್ಬಿಣಕ್ಕೆ ಬಡಿದುಕೊಂಡೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಒಬ್ಬ ರೋಗಿಯ ಸುತ್ತ ಅಷ್ಟು ಜನ, ಒಬ್ಬರ ಕೈಯೂ ಮೈಮೇಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಒಬ್ಬ ಹುಡುಗಿ, ಮದುವೆಯ ವಯಸ್ಸಿನವಳು. ಅವಳು ಹಿಂದಿಯಲ್ಲಿ ಏನೋ ಕೇಳಿದಳು, ನಾನು ಕನ್ನಡದಲ್ಲಿ ಕೆಟ್ಟದಾಗಿ ಬೈದೆ.

ಅವಳಿಗೆ ಅರ್ಥವಾಯಿತು. "ಕಾಕಾ, ಬೈರಿ, ಏನ್ ಬೇಕಾದ್ರೂ ಬೈರಿ, ಖರೆ ಎಲುಬು ಮುರದೈತಿ, ಎಡಗೈ ಮಾತ್ರ ಅಲ್ಲಾಡಿಸಬ್ಯಾಡ್ರಿ" ಎಂದಳು. ಭಾಂಡುಪ್ಪಿನ ಸಾಲುಮನೆಯ ಚಾಳಿನಲ್ಲಿ ಬೆಳೆದ ವಿಜಾಪುರದವರ ಮಗಳು ಎಂದು ಆಮೇಲೆ ತಿಳಿಯಿತು. ಕನ್ನಡ ಅವಳ ಬಾಯಲ್ಲಿ ಎಡವಿ ಎಡವಿ ಬರುತ್ತಿತ್ತು, ಆದರೆ ಬಂತು.

ಮೊದಲು ಅವಳೂ ಹೆದರಿದ್ದಳು. ಡಬ್ಬಿ ಇಷ್ಟು ಸಲ ಹೊಡೆಯುತ್ತಿದೆ ಎಂದರೆ ಹೃದಯ ಇಷ್ಟು ಸಲ ನಿಲ್ಲುತ್ತಿದೆ ಎಂದುಕೊಂಡು ಇಂಜೆಕ್ಷನ್ ತುಂಬಿಸತೊಡಗಿದ್ದಳು. ಅಷ್ಟರಲ್ಲಿ ಮಾನಿಟರಿನ ತಂತಿಗಳನ್ನು ಅಂಟಿಸಿದರು. ಮುಂದಿನ ಏಟು ಬಿದ್ದಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಪರದೆಯ ಮೇಲಿತ್ತು. ಅಲ್ಲಿ ಏಟಿಗೆ ಮೊದಲು ನನ್ನ ಹೃದಯ ಗಾಬರಿಯಿಂದ ವೇಗವಾಗಿ, ಆದರೆ ಸರಿಯಾಗಿಯೇ ಬಡಿಯುತ್ತಿತ್ತು. ಅವಳು ಸಿರಿಂಜನ್ನು ಟ್ರೇಗೆ ಬಿಸಾಡಿದಳು.

"ಇವರ ಹಾರ್ಟ್ ಬರೋಬರ್ ಐತಿ. ಮಷಿನ್ ಗಲತ್ ಹೊಡೀಲಾಕತ್ತೈತಿ!" ಎಂದು ಕೂಗಿದಳು. ನನ್ನ ಹೆಗಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಸುತ್ತಲಿನವರಿಗೆ ಗದರಿದಳು: "ಮುಟ್ಟಿದ್ರ ಯಾರೂ ಸಾಯಂಗಿಲ್ಲ, ಚುರ್ ಅಂತೈತಿ ಅಷ್ಟ. ಹಿಡೀರಿ! ಮ್ಯಾಗ್ನೆಟ್ ಎಲ್ಲಿ?"

ಆಯಸ್ಕಾಂತ. ಬಳೆಯಂಥ ಒಂದು ದಪ್ಪ ಆಯಸ್ಕಾಂತವನ್ನು ಡಬ್ಬಿಯ ಮೇಲೆ ಚರ್ಮದ ಹೊರಗಿನಿಂದ ಇಟ್ಟರೆ ಸಾಕು, ಅದು ಅಲ್ಲಿರುವಷ್ಟು ಹೊತ್ತು ಡಬ್ಬಿ ಹೊಡೆಯುವುದಿಲ್ಲ. ಇಷ್ಟು ಸುಲಭದ ವಸ್ತು ಟ್ರಾಲಿಯಲ್ಲಿ ಇರಲಿಲ್ಲ. ಡ್ರಾಯರಿನಲ್ಲಿ ಇರಲಿಲ್ಲ. ಅದನ್ನು ಹುಡುಕುವ ಹೊತ್ತಿನಲ್ಲಿ ನನಗೆ ಮತ್ತೆ ಬಿತ್ತು, ನಾಲಗೆ ಕಚ್ಚಿಕೊಂಡು ಬಾಯ ತುಂಬ ರಕ್ತ. ಕೊನೆಗೆ ಸಿಸ್ಟರ್ ಒಬ್ಬರು ಓಡಿಹೋಗಿ ಔಷಧದ ಫ್ರಿಜ್ಜಿನಿಂದ ಕಿತ್ತು ತಂದರು. ಯಾರೋ ಪುಣ್ಯಾತ್ಮರು ಡ್ಯೂಟಿ ಚೀಟಿ ಬೀಳದಿರಲೆಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಆ ಪುಣ್ಯಾತ್ಮರು ಯಾರೆಂದು ಇವತ್ತಿಗೂ ನನಗೆ ತಿಳಿದಿಲ್ಲ, ತಿಳಿಯದಿರುವುದೇ ಅವರಿಗೆ ಒಳ್ಳೆಯದು.

ಹುಡುಗಿ ಅದನ್ನು ಡಬ್ಬಿಯ ಮೇಲಿಟ್ಟಳು. ಮುರಿದ ಎಲುಬಿನ ಮೇಲೆ ಆ ಭಾರ ಉರಿಯಿತು. ಇನ್ನೇನು ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಬರಲಿಲ್ಲ. ಮತ್ತೆ ಕಾದೆ. ಬರಲಿಲ್ಲ. ಅರವತ್ತು ದಾಟಿದ ಗಂಡಸು, ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಅವಳು ಎದೆಯ ಬಲಕ್ಕೂ ಪಕ್ಕೆಗೂ, ಡಬ್ಬಿಯಿಂದ ದೂರವಾಗಿ, ಎರಡು ದೊಡ್ಡ ಪಟ್ಟಿಗಳನ್ನು ಅಂಟಿಸಿ ಹೊರಗಿನ ಯಂತ್ರಕ್ಕೆ ಜೋಡಿಸಿದಳು. "ಈಗ ಒಳಗಿನ ಮಷಿನ್ ಬಂದ್ ಇದ್ದಂಗ. ಖರೇನ ಹಾರ್ಟ್ ನಿಂತ್ರ ನಾ ಹೊರಗಿಂದ ಕೊಡ್ತೀನಿ. ನಾ ಇಲ್ಲೇ ನಿಂತಿರ್ತೀನಿ" ಎಂದಳು.

ಬಾಗಿಲಲ್ಲಿದ್ದ ಭಾವಮೈದುನನ ಕಿವಿಗೆ ಬಿದ್ದದ್ದು ಬಂದ್ ಎಂಬ ಒಂದೇ ಮಾತು. ಡಬ್ಬಿ ಇರುವ ತನಕ ಭಾವ ಸಾಯುವುದಿಲ್ಲ ಎಂದು ಊರಿಗೆಲ್ಲ ಸಾರಿದವನು ಅವನು. ಡಬ್ಬಿಯನ್ನೇ ನಿಲ್ಲಿಸಿದ್ದಾರೆ!

"ಯಾರನ್ನು ಕೇಳಿ ಬಂದ್ ಮಾಡಿದ್ದು ನೀವು? ಕೊಲ್ತೀರಾ ನಮ್ಮ ಭಾವನನ್ನು?" ಎಂದು ಅಬ್ಬರಿಸುತ್ತ ಒಳಗೆ ನುಗ್ಗಿದ. ಹುಡುಗಿಯ ತೋಳು ಹಿಡಿದು ದೂಡಿದ. ಅವಳ ಬೆನ್ನು ಟ್ರಾಲಿಗೆ ಬಡಿಯಿತು, ಬಾಟಲಿಗಳು ಒಡೆದವು. ನನ್ನ ಎದೆಯಿಂದ ಆಯಸ್ಕಾಂತವನ್ನು ಕಿತ್ತ. ನಾನು ಅದನ್ನು ಹಿಡಿಯಲು ಎಡಗೈ ಎತ್ತಿದೆ.

ಎತ್ತಿದ ಕೂಡಲೇ ಗೊತ್ತಾಯಿತು. "ಬೇಡ, ಇಡು, ವಾಪಸ್ ಇಡು" ಎಂದು ಕೂಗಿದೆ. ಅವನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಹೆದರ್ಬೇಡಿ ಭಾವ, ನಾನಿದ್ದೇನೆ" ಎಂದ. ಅವತ್ತಿನ ಎಲ್ಲ ಏಟಿಗಿಂತ ಜೋರಾದದ್ದು ಅದು. ಬೆನ್ನು ಹಾಸಿಗೆಯಿಂದ ಮೇಲೆದ್ದಿತು. ಕಣ್ಣು ಬಿಟ್ಟಾಗ ಅವನು ನನ್ನ ಮೇಲೆ ಬಗ್ಗಿ ಅಳುತ್ತಿದ್ದ. ನಾನು ಬಲಗೈಯಲ್ಲಿ ಅವನ ಕೆನ್ನೆಗೆ ಬಾರಿಸಿದೆ. ಪ್ರೀತಿಯಿಂದಲ್ಲ, ಇದ್ದ ಶಕ್ತಿಯಷ್ಟೂ ಹಾಕಿ. ಆಯಸ್ಕಾಂತ ಅವನ ಕೈಯಿಂದ ಜಾರಿತು. ಹುಡುಗಿ ನೆಲದಿಂದ ಹೆಕ್ಕಿ ಮತ್ತೆ ಇಟ್ಟು, ಈ ಸಲ ಅಗಲವಾದ ಪ್ಲಾಸ್ಟರಿನಿಂದ ಬಿಗಿದಳು. ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ಪೊಲೀಸರನ್ನು ಕರೆಯಲಿಲ್ಲ. ನಾನಾಗಿದ್ದರೆ ಕರೆಯುತ್ತಿದ್ದೆ.

ನೋವಿಗೆ, ನಿದ್ದೆ ಬರಲು ಔಷಧ ಕೊಟ್ಟರು. ಎಕ್ಸ್‌ರೇ ತೆಗೆದರು. ಅದರಲ್ಲಿ ಕೊರಳೆಲುಬಿನ ಮುರುಕು, ಅದರ ಕೆಳಗೇ ತಂತಿಯ ಮುರುಕು, ಎರಡೂ ಕಂಡವು. ಹೊಡೆತದಿಂದ ತಂತಿ ಮುರಿದಿದೆ, ಅದಕ್ಕೇ ಇಷ್ಟೆಲ್ಲ ಆಗಿದ್ದು ಎಂದು ಹುಡುಗಿ ಭಾವಮೈದುನನಿಗೆ ವಿವರಿಸಿದಳು. ಅವನು ಒಂದು ಕ್ಷಣ ನಿಂತು ಕೇಳಿಸಿಕೊಂಡ. ನನ್ನಿಂದ ತಿಂದ ಪೆಟ್ಟನ್ನು ಕೊಡಲು ಅವನಿಗೆ ಒಂದು ಮೈ ಬೇಕಾಗಿತ್ತು. ಸರಸರ ಹೊರಗೆ ನಡೆದ.

ಕಾರಿಡಾರಿನಲ್ಲಿ ಅಡುಗೆಯವ ಕೂತಿದ್ದ. ಮೊದಲ ಗುದ್ದಿನ ಸದ್ದು ನನಗೆ ಪರದೆಯ ಈಚೆ ಕೇಳಿಸಿತು. "ನೀನು ಕೊಂದದ್ದು! ದೊಣ್ಣೆ ತಗೊಂಡು ಕೊಂದದ್ದು ನೀನು!" ಕುರ್ಚಿ ಉರುಳಿತು. ಅಡುಗೆಯವನ ಒಂದೇ ಒಂದು ಮಾತು ಕೇಳಿಸಿತು: "ನಾನು ಕೈಗೇ ಹೊಡ್ದದ್ದು, ಅಣ್ಣ ತಿರುಗಿದ್ರು." ಆಮೇಲೆ ಬರೀ ಏಟಿನ ಸದ್ದು. ಅವನು ಕೈ ಅಡ್ಡ ಇಡುತ್ತಿಲ್ಲ ಎಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಅವನಿಗೂ ಕೇಳಿಸಿತ್ತು, ತಂತಿ ಮುರಿದದ್ದು ಯಾವುದರಿಂದ ಎಂದು.

ನನಗೆ ಮೈಯೆಲ್ಲ ಉರಿದುಹೋಯಿತು. ರಿಕ್ಷಾದಲ್ಲಿ ನನ್ನನ್ನು ಮುಟ್ಟದೆ ಮುಂದೆ ಕೂತವನು, ತಬ್ಬಿ ಹಿಡಿದವನನ್ನು ಹೊಡೆಯುತ್ತಿದ್ದಾನೆ. ಔಷಧದ ಮಂಪರಿನಲ್ಲೇ ಕಾಲು ಕೆಳಗಿಟ್ಟೆ. "ಕಾಕಾ, ಏಳಬ್ಯಾಡ್ರಿ!" ಎಂದು ಹುಡುಗಿ ಕೂಗಿದಳು. ಪ್ಲಾಸ್ಟರ್ ಬೆವರಿಗೆ ಸಡಿಲವಾಗಿತ್ತು. ಬಲ ಅಂಗೈಯಿಂದ ಆಯಸ್ಕಾಂತವನ್ನು ಎದೆಗೆ ಒತ್ತಿ ಹಿಡಿದೆ. ಅದು ಜಾರಿದರೆ ಏನಾಗುತ್ತದೆಂದು ನನ್ನಷ್ಟು ತಿಳಿದವರು ಆ ಕೋಣೆಯಲ್ಲಿ ಇರಲಿಲ್ಲ. ಹುಡುಗಿ ನನ್ನನ್ನು ತಡೆಯಲಾರದೆ, ಹೊರಗಿನ ಯಂತ್ರವನ್ನು ದೂಡಿಕೊಂಡು, ಬೈಯುತ್ತ, ಜೊತೆಗೇ ಬಂದಳು.

ಬಾಗಿಲವರೆಗೆ ಹೋದೆ. ಅಡುಗೆಯವ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತಿದ್ದ, ಕೈ ಜೋಡಿಸಿಕೊಂಡಿದ್ದ, ಮೂಗಿನಿಂದ ರಕ್ತ. ಭಾವಮೈದುನನ ಕೈ ಮೇಲೆದ್ದಿತ್ತು.

"ಇನ್ನೊಂದು ಏಟು ಅವನ ಮೇಲೆ ಬಿದ್ರೆ ಇದನ್ನು ತೆಗೀತೇನೆ" ಎಂದೆ. "ನಿನ್ನ ಕಣ್ಣೆದುರಿಗೇ ತೆಗೀತೇನೆ."

ಎತ್ತಿದ ಕೈ ಇಳಿಯಿತು. ಸುಮ್ಮನೆ ಬೆದರಿಕೆಯ ಮಾತಲ್ಲ, ನಿಜವಾಗಿ ತೆಗೆಯುವವನಿದ್ದೆ. ನನಗೆ ಅಷ್ಟು ಸಿಟ್ಟು ಬಂದಿತ್ತು.

ಮನೆಯಿಂದ ಹೆಂಡತಿ ಬಂದು ಮುಟ್ಟುವ ಹೊತ್ತಿಗೆ ಮೂವರು ಗಂಡಸರು ಮೂರು ಮೂಲೆಯಲ್ಲಿ ರಕ್ತ ಒರೆಸಿಕೊಳ್ಳುತ್ತಿದ್ದೆವು. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಡಬ್ಬಿಯ ಹೊಡೆಯುವ ಕೆಲಸವನ್ನು ಕಂಪ್ಯೂಟರಿನಿಂದ ನಿಲ್ಲಿಸಿದರು, ತಂತಿ ಬದಲಿಸಿದ ಮೇಲೆ ಮತ್ತೆ ಚಾಲೂ ಮಾಡಿದರು. ಚಾಲೂ ಮಾಡಿದಾಗ ನಾನು ತಂತ್ರಜ್ಞನ ಕೈ ಹಿಡಿದುಕೊಂಡಿದ್ದೆ. ಈಗಲೂ ಲೋಕಲ್ ರೈಲಿನಲ್ಲಿ ಯಾರಾದರೂ ಭುಜಕ್ಕೆ ತಾಗಿದರೆ ಹಲ್ಲು ಕಚ್ಚಿ ಕಾಯುತ್ತೇನೆ.

ಇದನ್ನು ತುರ್ತು ವಿಭಾಗದ ಡಾಕ್ಟರು ಯಾರಾದರೂ ಓದುತ್ತಿದ್ದರೆ, ಒಬ್ಬ ಇಡ್ಲಿ ಮಾರುವವನು ಹೇಳುತ್ತಾನೆಂದು ಕೇಳಿಸಿಕೊಳ್ಳಿ ಸ್ವಾಮಿ. ಡಬ್ಬಿ ಹೊಡೆಯಿತೆಂದ ಮಾತ್ರಕ್ಕೆ ಅದು ಸರಿ ಎಂದುಕೊಳ್ಳಬೇಡಿ, ಪರದೆ ನೋಡಿ. ಹೃದಯ ನಿಜವಾಗಿಯೇ ಕೆಟ್ಟು ಹೊಡೆಯುತ್ತಿದ್ದರೆ ಅದು ಬೇರೆ ಕತೆ, ಅದಕ್ಕೆ ನಿಮ್ಮ ಔಷಧಗಳಿವೆ. ಸುಳ್ಳೇ ಹೊಡೆಯುತ್ತಿದ್ದರೆ ಆಯಸ್ಕಾಂತ ಇಡಿ, ಹೊರಗಿನ ಯಂತ್ರ ಜೋಡಿಸಿ, ಪಕ್ಕದಲ್ಲೇ ನಿಲ್ಲಿ. ಆಯಸ್ಕಾಂತವನ್ನು ಫ್ರಿಜ್ಜಿಗೆ ಅಂಟಿಸಬೇಡಿ. ಮತ್ತೆ, ದಯವಿಟ್ಟು, ಮಲಗಿದವನನ್ನು ಮುಟ್ಟಿ. ಅವನಿಗೆ ಎಚ್ಚರವಿರುತ್ತದೆ. ಆ ವಿಜಾಪುರದ ಹುಡುಗಿ ಈಗ ಆಯಸ್ಕಾಂತವನ್ನು ಬ್ಯಾಂಡೇಜ್ ಬಟ್ಟೆಯಿಂದ ಟ್ರಾಲಿಗೇ ಕಟ್ಟಿಟ್ಟಿದ್ದಾಳಂತೆ. ಹೋಟೆಲಿಗೆ ಇಡ್ಲಿ ತಿನ್ನಲು ಬಂದಾಗ ಹೇಳಿದಳು.

ಹೋಟೆಲಿಗೆ ಮೊದಲ ಸಲ ವಾಪಸ್ ಹೋದ ದಿನ ನಾನು ಗಲ್ಲೆಯಲ್ಲಿ ಕೂರಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ನೇರ ಅಡುಗೆಮನೆಗೆ ಹೋದೆ. ವಯರ್‌ಮನ್ ಹೊಸದಾಗಿ ಅರ್ಥಿಂಗ್ ಎಳೆದಿದ್ದ, ಗ್ರೈಂಡರೂ ಹೊಸದು. ಗೋಡೆಯ ಮೊಳೆ ಖಾಲಿಯಿತ್ತು. ಅಡುಗೆಯವ ನನ್ನನ್ನು ನೋಡಿ ಒಲೆಯ ಕಡೆ ಮುಖ ತಿರುಗಿಸಿದ. ಅವನ ಮೂಗು ಸ್ವಲ್ಪ ಸೊಟ್ಟಗಾಗಿತ್ತು.

"ದೊಣ್ಣೆ ಎಲ್ಲಿ?" ಎಂದೆ.

"ಅಟ್ಟದ ಮೇಲೆ ಹಾಕಿದ್ದೇನೆ. ಇನ್ನು ನಾನು ಅದನ್ನು ಮುಟ್ಟುದಿಲ್ಲ ಅಣ್ಣ."

"ನಾಳೆ ನನಗೆ ಕರೆಂಟ್ ಹಿಡಿದ್ರೆ?"

ಅವನು ಸಟ್ಟುಗ ತೆಗೆದುಕೊಂಡು ತಿರುವತೊಡಗಿದ. ಸಾರು ಕುದಿಯುತ್ತಿತ್ತು.

"ಹೊಡಿ ಮಾರಾಯ" ಎಂದೆ. "ಮೊದಲು ಹೊಡೆದ ಹಾಗೇ ಹೊಡಿ. ಬಲಗೈಗೆ ಹೊಡಿ, ಅಷ್ಟೆ."

ಅವನು ಸಟ್ಟುಗ ಕೆಳಗಿಟ್ಟ. ಬೆಂಚಿನ ಅಡಿಗೆ ಬಗ್ಗಿ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದ. ಅದರೊಳಗಿಂದ ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ ತೆಗೆದು ನನ್ನ ಬರಿಗಾಲ ಮುಂದೆ ನೆಲಕ್ಕೆ ಕುಕ್ಕಿದ.

"ನೀವು ಇದನ್ನು ಹಾಕಿ. ಆಮೇಲೆ ದೊಣ್ಣೆ ಇಳಿಸ್ತೇನೆ. ಇಲ್ಲದಿದ್ರೆ ನನ್ನ ಅಡುಗೆಮನೆಗೆ ಬರುದು ಬೇಡ."

ಒಲೆ ಉರಿಯುತ್ತಿತ್ತು. ನಾನು ಅಪ್ಪನನ್ನು ಮನಸ್ಸಿನಲ್ಲೇ ಒಮ್ಮೆ ಕ್ಷಮೆ ಕೇಳಿ ಚಪ್ಪಲಿಯೊಳಗೆ ಕಾಲು ತೂರಿಸಿದೆ. ಅವನು ಏಣಿ ತರಲು ಹೋದ.